ಪಾರಿವಾಳದ ಗಂಟಲಿನ ಆದಿಜೀವಿ

ಬಸ್ ನಿಲ್ದಾಣದ ಸೂರಿನಲ್ಲಿ, ದೇವಸ್ಥಾನದ ಗೋಪುರದಲ್ಲಿ, ಬಹುಮಹಡಿ ಕಟ್ಟಡಗಳ ಸಜ್ಜೆಯ ಮೇಲೆ ಎಲ್ಲೆಲ್ಲೂ ಪಾರಿವಾಳಗಳಿವೆ. ದಿನಕ್ಕೊಮ್ಮೆಯಾದರೂ ಅವನ್ನು ಕಾಣದ ವಿದ್ಯಾರ್ಥಿ ನಮ್ಮ ನಗರಗಳಲ್ಲಿ ಇಲ್ಲವೆಂದೇ ಹೇಳಬೇಕು. ಚೆನ್ನಾಗಿ ಮೇದು, ಗುಟುರು ಹಾಕುತ್ತ ಓಡಾಡುವ ಪಾರಿವಾಳವೊಂದರ ಗಂಟಲನ್ನು ಹತ್ತಿ ಸುತ್ತಿದ ಕಡ್ಡಿಯಿಂದ ಮೆಲ್ಲಗೆ ಸವರಿ, ಆ ತೇವವನ್ನು ಗಾಜಿನ ಪಟ್ಟಿಗೆ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಏನು ಕಾಣುತ್ತದೆ? ಬಹಳಷ್ಟು ಸಲ ಮರಸೇಬಿನ ಆಕಾರದ, ತಡೆತಡೆದು ಜಿಗಿಯುತ್ತ ಈಜುವ ಸಣ್ಣ ಜೀವಿಗಳು ಕಾಣುತ್ತವೆ. ಇವು ಟ್ರೈಕೊಮೊನಾಸ್ ಗ್ಯಾಲಿನೆ ಎಂಬ ಏಕಕೋಶ ಪರೋಪಜೀವಿಗಳು. ಹಕ್ಕಿಗೆ ಮಾತ್ರ ಏನೂ ಆದಂತೆ ಕಾಣುವುದಿಲ್ಲ. ಆದರೆ ಇದೇ ಹೆಸರಿನ ಜೀವಿ ಬ್ರಿಟನ್ನಿನಲ್ಲಿ ಲಕ್ಷಾಂತರ ಹಾಡುಹಕ್ಕಿಗಳನ್ನು ಕೊಂದಿದೆ. ಒಂದೆಡೆ ಸುಮ್ಮನಿರುವ ಅತಿಥಿ ಇನ್ನೊಂದೆಡೆ ಕೊಲೆಗಾರನಾಗುವುದು ಹೇಗೆ ಎಂಬುದನ್ನು ಇಲ್ಲಿ ನೋಡೋಣ.

ಇದನ್ನು ಮೊದಲು ವರ್ಣಿಸಿದವನು ಇಟಲಿಯ ರಿವೋಲ್ಟ, 1878ರಲ್ಲಿ. ಇದರ ಉದ್ದ ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗದ ಆಸುಪಾಸು. ಮುಂದುಗಡೆ ಚಾವಟಿಯಂಥ ನಾಲ್ಕು ಕಶಾಂಗಗಳಿವೆ. ಐದನೆಯದು ಹಿಂದಕ್ಕೆ ಬಾಗಿ ದೇಹಕ್ಕೆ ಅಂಟಿಕೊಂಡು, ಅಲೆಯಾಡುವ ತೆಳುಪೊರೆಯ ಅಂಚಾಗಿದೆ. ಟಿ.ವಿ. ಪರದೆಯ ಮೇಲೆ ಈ ಅಲೆಯಾಟವನ್ನು ಅರೆಗಳಿಗೆಯಲ್ಲಿ ತೋರಿಸಿಬಿಡಬಹುದು. ಕಾಗದದ ಮೇಲೆ, ಗಾಳಿಗೆ ತುಯ್ದಾಡುವ ಸೀರೆಯ ಸೆರಗನ್ನು ನೆನೆಸಿಕೊಳ್ಳಿ ಎನ್ನುವುದಷ್ಟೇ ಸಾಧ್ಯ. ಇದು ವಂಶವನ್ನು ಬೆಳೆಸುವುದು ಒಂದು ಕೋಶ ಎರಡಾಗಿ ಸೀಳುವ ಸರಳ ವಿಧಾನದಿಂದ. ಆಮಶಂಕೆಯ ಅಮೀಬಾದಂತೆ ಗಟ್ಟಿ ಕವಚ ಕಟ್ಟಿಕೊಂಡು ಹೊರಗಿನ ಒಣ ಪ್ರಪಂಚದಲ್ಲಿ ಕಾಯುವ ಶಕ್ತಿ ಇದಕ್ಕಿಲ್ಲ. ಒಣಗಿದರೆ ಸತ್ತಂತೆಯೇ. ಆದ್ದರಿಂದ ತೇವದಿಂದ ತೇವಕ್ಕೆ, ಬಾಯಿಂದ ಬಾಯಿಗೆ ದಾಟುವುದೇ ಇದರ ಮುಖ್ಯ ಮಾರ್ಗ.

ಜೀವಶಾಸ್ತ್ರ ಓದುವವರು ಇನ್ನೊಂದು ವಿಷಯವನ್ನು ಗಮನಿಸಬೇಕು. ನಮ್ಮ ಕೋಶಗಳಲ್ಲಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಗಳು ಇದರಲ್ಲಿ ಕಾಣಸಿಗುವುದಿಲ್ಲ. ಅವುಗಳ ಜಾಗದಲ್ಲಿ ಹೈಡ್ರೊಜೆನೊಸೋಮ್ ಎಂಬ ಸಣ್ಣ ಚೀಲಗಳಿವೆ. ಇವುಗಳನ್ನು 1973ರಲ್ಲಿ ಲಿಂಡ್‌ಮಾರ್ಕ್ ಮತ್ತು ಮುಲ್ಲರ್ ಎಂಬ ವಿಜ್ಞಾನಿಗಳು ದನಗಳಲ್ಲಿರುವ ಇದರ ಸಂಬಂಧಿಯೊಂದರಲ್ಲಿ ಗುರುತಿಸಿದರು. ಆಮ್ಲಜನಕದ ನೆರವಿಲ್ಲದೆಯೇ ಈ ಚೀಲ ಕೆಲಸ ಮಾಡಿ, ಸ್ವಲ್ಪ ಶಕ್ತಿಯ ಜೊತೆಗೆ ಜಲಜನಕ ಅನಿಲವನ್ನೂ ಹೊರಬಿಡುತ್ತದೆ. ಆ ಅನಿಲವನ್ನು ಹುಟ್ಟಿಸುವ, ಕಬ್ಬಿಣವನ್ನು ಒಳಗೊಂಡ ಕಿಣ್ವಕ್ಕೆ ಹೈಡ್ರೊಜಿನೇಸ್ ಎಂದು ಹೆಸರು. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಆಮಶಂಕೆಗೆ ವೈದ್ಯರು ಬರೆದುಕೊಡುವ ಮೆಟ್ರೊನಿಡಜೋಲ್ ಮಾತ್ರೆಯ ಕುಟುಂಬದ ಔಷಧಗಳು ಇದನ್ನು ಕೊಲ್ಲುವುದೂ ಈ ಚೀಲದ ಮೂಲಕವೇ. ಔಷಧವು ಅಲ್ಲಿ ಸೇರಿದ ಮೇಲೆ ವಿಷವಾಗಿ ಪರಿವರ್ತನೆ ಹೊಂದುತ್ತದೆ.

ಬಾಯಿಂದ ಬಾಯಿಗೆ ದಾಟುವ ಜೀವಿಗೆ ಪಾರಿವಾಳಕ್ಕಿಂತ ಅನುಕೂಲವಾದ ಮನೆ ಸಿಗುವುದು ಕಷ್ಟ. ಹಕ್ಕಿಗಳ ಪೈಕಿ ಮರಿಗೆ ‘ಹಾಲು’ ಕೊಡುವ ಕೆಲವೇ ಬಳಗಗಳಲ್ಲಿ ಪಾರಿವಾಳ, ಬೆಳವಗಳದೂ ಒಂದು. ಗಂಟಲಿನ ಕೆಳಗೆ ಕಾಳು ನೆನೆಸಿಡುವ ಒಂದು ಚೀಲವಿದೆಯಷ್ಟೆ. ಮೊಟ್ಟೆ ಒಡೆಯುವ ಹೊತ್ತಿಗೆ ಅದರ ಒಳಗೋಡೆಯ ಕೋಶಗಳು ಕೊಬ್ಬು ತುಂಬಿಕೊಂಡು ಉದುರಿ, ಒಡೆದ ಹಾಲಿನ ಗಿಣ್ಣಿನಂಥ ಪದಾರ್ಥವಾಗುತ್ತವೆ. ತಾಯಿ ಮಾತ್ರವಲ್ಲ, ತಂದೆಯೂ ಇದನ್ನು ತಯಾರಿಸುತ್ತದೆ! ಮರಿ ತನ್ನ ಕೊಕ್ಕನ್ನು ತಂದೆತಾಯಿಗಳ ಬಾಯೊಳಗೇ ತೂರಿಸಿ ಇದನ್ನು ಕುಡಿಯುತ್ತದೆ. (ಈ ಚೀಲದ ಬೆಳವಣಿಗೆಯನ್ನು ಪರೀಕ್ಷೆಯ ಅಳತೆಗೋಲಾಗಿ ಬಳಸಿಕೊಂಡೇ ಅಮೆರಿಕದ ಆಸ್ಕರ್ ರಿಡ್ಲ್ ಮತ್ತು ಸಂಗಡಿಗರು 1933ರ ವೇಳೆಗೆ ಪ್ರೊಲ್ಯಾಕ್ಟಿನ್ ಹಾರ್ಮೋನಿಗೆ ಹೆಸರಿಟ್ಟರು. ತಾಯಂದಿರ ಎದೆಹಾಲಿಗೆ ಕಾರಣವಾಗುವ ಹಾರ್ಮೋನೂ ಅದೇ.) ಮೊದಲ ದಿನದ ಹಾಲಿನೊಂದಿಗೇ ಪರೋಪಜೀವಿ ಮರಿಯ ಗಂಟಲನ್ನು ಸೇರುತ್ತದೆ. ಹಾಗಾಗಿ ಪಾರಿವಾಳದ ಗೂಡಿನಲ್ಲಿ ಇದು ಪಿತ್ರಾರ್ಜಿತ ಆಸ್ತಿಯಂತೆ ತಲೆಮಾರಿನಿಂದ ತಲೆಮಾರಿಗೆ ಇಳಿದುಬರುತ್ತದೆ.

ರೋಗ ಉಂಟಾದಾಗ ಬಾಯಿ ಮತ್ತು ಗಂಟಲಿನಲ್ಲಿ ಹಳದಿ ಬಣ್ಣದ ಗಡ್ಡೆಗಳು ಏಳುತ್ತವೆ. ಹಕ್ಕಿಗೆ ನುಂಗಲಾಗದು. ಕಾಳು ಮುಂದಿದ್ದರೂ ಉಪವಾಸ ಬಿದ್ದು, ಕೆಲವೊಮ್ಮೆ ಉಸಿರು ಕಟ್ಟಿ ಸಾಯುತ್ತದೆ. ತೀವ್ರವಾದ ರೋಗದಲ್ಲಿ ಯಕೃತ್ತಿಗೂ ಹಾನಿಯಾಗುತ್ತದೆ. ಪಾರಿವಾಳ ಸಾಕುವವರು ಇದನ್ನು ಕ್ಯಾಂಕರ್ ಎನ್ನುತ್ತಾರೆ. ಪಾರಿವಾಳ ತಿಂದ ಡೇಗೆಗಳಿಗೂ ಇದು ತಗಲುತ್ತಿತ್ತಾದ್ದರಿಂದ ಯೂರೋಪಿನ ಡೇಗೆ ಬೇಟೆಗಾರರಿಗೆ ‘ಫ್ರೌನ್ಸ್’ ಎಂಬ ಹೆಸರಿನಲ್ಲಿ ಶತಮಾನಗಳಿಂದ ಪರಿಚಿತ. ಮನುಷ್ಯರಿಗೆ ಇದು ಹರಡುವ ರೋಗವೆಂದು ಪರಿಗಣಿಸಿಲ್ಲ. ಪಾರಿವಾಳದ ಹಿಕ್ಕೆಯ ಧೂಳಿನಿಂದ ಬರುವ ಶ್ವಾಸಕೋಶದ ತೊಂದರೆಗಳು ಬೇರೆಯೇ ವಿಷಯ, ಎರಡನ್ನೂ ಬೆರೆಸಬಾರದು.

ಈಗ ಮೊದಲ ಪ್ರಶ್ನೆ: ಎಷ್ಟು ಪಾರಿವಾಳಗಳಲ್ಲಿ ಇದು ಇರುತ್ತದೆ? ಕೇಳಲು ಸುಲಭ, ಉತ್ತರಿಸಲು ಅಷ್ಟು ಸುಲಭವಲ್ಲ. ಗಂಟಲಿನ ತೇವವನ್ನು ನೇರವಾಗಿ ಸೂಕ್ಷ್ಮದರ್ಶಕದಲ್ಲಿ ನೋಡುವುದು ಅಗ್ಗದ ವಿಧಾನ. ಆದರೆ ಜೀವಿಗಳು ಕೆಲವೇ ಇದ್ದರೆ ಕಣ್ತಪ್ಪಿಹೋಗುತ್ತವೆ. ಅದೇ ತೇವವನ್ನು ಪೋಷಕದ್ರವದಲ್ಲಿ ಬೆಚ್ಚಗೆ ಕೆಲವು ದಿನ ಇಟ್ಟರೆ ಅವು ವೃದ್ಧಿಯಾಗಿ ಕಾಣಸಿಗುತ್ತವೆ. ಅವುಗಳ ಡಿ.ಎನ್.ಎ. ತುಣುಕೊಂದನ್ನು ಪಿ.ಸಿ.ಆರ್. ವಿಧಾನದಿಂದ ಕೋಟಿಗಟ್ಟಲೆ ಪ್ರತಿಮಾಡಿ ಹುಡುಕುವುದು ಇನ್ನೂ ಸೂಕ್ಷ್ಮ. ಹೀಗೆ ಒಂದೇ ಹಿಂಡಿನಲ್ಲಿ ವಿಧಾನ ಬದಲಾದರೆ ಶೇಕಡಾವಾರು ಲೆಕ್ಕವೂ ಬದಲಾಗುತ್ತದೆ. ಮರಿಗಳಲ್ಲಿ ಒಂದು ಲೆಕ್ಕ, ವಯಸ್ಕ ಹಕ್ಕಿಗಳಲ್ಲಿ ಇನ್ನೊಂದು. ಸತ್ತುಬಿದ್ದ ಹಕ್ಕಿಗಳನ್ನೇ ಆಯ್ದು ಪರೀಕ್ಷಿಸಿದರಂತೂ ರೋಗದ ಪ್ರಮಾಣ ಸಹಜಕ್ಕಿಂತ ಹೆಚ್ಚಾಗಿ ಕಾಣುವುದು ಖಂಡಿತ.

ಸಂಖ್ಯಾಶಾಸ್ತ್ರದ ಮಾತೊಂದನ್ನೂ ಸೇರಿಸಬೇಕು. 20 ಪಾರಿವಾಳ ಹಿಡಿದು ನೋಡಿದಿರಿ, 8ರಲ್ಲಿ ಸೋಂಕಿತ್ತು ಎನ್ನೋಣ. ಶೇಕಡಾ 40 ಎಂದು ಬರೆದುಬಿಡುತ್ತೇವೆ. ಆದರೆ ಇಷ್ಟು ಚಿಕ್ಕ ಮಾದರಿಯಿಂದ, ಇಡೀ ಊರಿನ ನಿಜವಾದ ಪ್ರಮಾಣ ಶೇಕಡಾ 20ರಿಂದ 60ರವರೆಗೆ ಎಲ್ಲಿ ಬೇಕಾದರೂ ಇರಬಹುದು ಎಂದಷ್ಟೇ ಹೇಳಲು ಸಾಧ್ಯ. 200 ಹಕ್ಕಿಗಳಲ್ಲಿ 80ಕ್ಕೆ ಸೋಂಕಿದ್ದರೆ ಆಗಲೂ ಶೇಕಡಾ 40ರೇ. ಆದರೆ ಈಗ ಅಂದಾಜು ಸುಮಾರು 33ರಿಂದ 47ರೊಳಗೆ ಬಿಗಿಯಾಗುತ್ತದೆ. ಪತ್ರಿಕೆಯಲ್ಲಿ ಇಂಥ ಶೇಕಡಾವಾರು ಅಂಕಿ ಕಂಡಾಗ, ಎಷ್ಟು ಹಕ್ಕಿಗಳಲ್ಲಿ, ಯಾವ ವಿಧಾನದಿಂದ ಎಂದು ಕೇಳುವುದನ್ನು ರೂಢಿಸಿಕೊಳ್ಳಿ.

ಇಷ್ಟೆಲ್ಲ ಎಚ್ಚರಿಕೆಯಿಂದ ಎಣಿಸಿದರೂ ಅಂಕಿಯೊಂದೇ ಪೂರ್ತಿ ಕಥೆಯನ್ನು ಹೇಳುವುದಿಲ್ಲ. ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್ ನಗರದಲ್ಲಿ ಕೂಪರ್ ಗಿಡುಗ ಎಂಬ ಬೇಟೆಹಕ್ಕಿ ಮರಗಳಲ್ಲಿ ಗೂಡು ಕಟ್ಟುತ್ತದೆ. ನಗರದಲ್ಲಿ ಅದಕ್ಕೆ ಬೆಳವ, ಪಾರಿವಾಳಗಳೇ ಸುಲಭದ ಆಹಾರ. 1998ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ನಗರದ ಗೂಡುಗಳಲ್ಲಿನ ಗಿಡುಗದ ಮರಿಗಳಲ್ಲಿ ಶೇಕಡಾ 85ರಷ್ಟರಲ್ಲಿ ಈ ಪರೋಪಜೀವಿ ಇತ್ತು. ಊರಾಚೆಯ ಗೂಡುಗಳಲ್ಲಿ ಅದು ಕೇವಲ ಶೇಕಡಾ 9. ನಗರದ ಎಷ್ಟೋ ಮರಿಗಳು ಗೂಡಿನಲ್ಲೇ ಸತ್ತವು. ಇಷ್ಟಾದರೂ ನಗರದ ಗಿಡುಗಗಳ ಸಂತತಿ ಕುಸಿಯುತ್ತಿಲ್ಲವೆಂದು ಮುಂದಿನ ಅಧ್ಯಯನಗಳು ತೋರಿಸಿದವು. ಬದುಕಿ ಹಾರಿದ ಹಕ್ಕಿಗಳಲ್ಲಿ ಸೋಂಕು ಬಲು ವಿರಳ. ಗೂಡಿನಲ್ಲಿರುವ ಮರಿಯ ಬಾಯಿಯ ದ್ರವ ಹೆಚ್ಚುಕಡಿಮೆ ತಟಸ್ಥವಾಗಿದ್ದು, ಬೆಳೆದ ಮೇಲೆ ಆಮ್ಲೀಯವಾಗುತ್ತದೆ. ಪರೋಪಜೀವಿಗೆ ಆ ಹುಳಿ ಹಿಡಿಸದು ಎಂಬುದು ಒಂದು ವಿವರಣೆ.

ಸೋಂಕು ಬೇರೆ, ರೋಗ ಬೇರೆ ಎಂಬುದನ್ನು ಇದಕ್ಕೂ ಮುಂಚೆಯೇ ಪ್ರಯೋಗದಿಂದ ತೋರಿಸಿದವರು ಅಮೆರಿಕದ ರಾಬರ್ಟ್ ಸ್ಟೇಬ್ಲರ್. ಈ ಜೀವಿಯ ಈಗಿನ ವೈಜ್ಞಾನಿಕ ಹೆಸರು ಸ್ಥಿರಗೊಂಡದ್ದೂ 1938ರಲ್ಲಿ ಅವರಿಂದಲೇ. ಬೇರೆ ಬೇರೆ ಪಾರಿವಾಳಗಳಿಂದ ತೆಗೆದ ಜೀವಿಗಳು ಸೂಕ್ಷ್ಮದರ್ಶಕದಲ್ಲಿ ಒಂದೇ ರೀತಿ ಕಂಡರೂ ಅವುಗಳ ಗುಣ ಒಂದೇ ಆಗಿರಲಿಲ್ಲ. ಕೆಲವು ತಳಿಗಳು ಹಕ್ಕಿಗೆ ಏನೂ ಮಾಡುತ್ತಿರಲಿಲ್ಲ. ‘ಜೋನ್ಸ್ ಕೊಟ್ಟಿಗೆ’ ಎಂಬ ಹೆಸರಿನ ತಳಿಯಾದರೋ ಹಕ್ಕಿಯನ್ನು ಕೆಲವೇ ದಿನಗಳಲ್ಲಿ ಕೊಲ್ಲುತ್ತಿತ್ತು. 1948ರಲ್ಲಿ ಅವರು ಇನ್ನೊಂದು ಸಂಗತಿಯನ್ನು ವರದಿ ಮಾಡಿದರು. ಸೌಮ್ಯ ತಳಿಯನ್ನು ಮೊದಲೇ ಹೊತ್ತ ಪಾರಿವಾಳಕ್ಕೆ ಉಗ್ರ ತಳಿಯನ್ನು ಕೊಟ್ಟರೂ ಅದು ಬದುಕುತ್ತದೆ! ಸಿಡುಬಿನ ವಿರುದ್ಧ ಗೋಸಿಡುಬು ಕಾಪಾಡಿದಂತೆಯೇ ಇದೂ. ಪಾರಿವಾಳದ ಗಂಟಲಿನಲ್ಲಿ ಸುಮ್ಮನಿರುವ ಜೀವಿ ಶತ್ರುವೇ, ಕಾವಲುಗಾರನೇ? ಎರಡನ್ನೂ ಸ್ವಲ್ಪ ಸ್ವಲ್ಪ ಹೌದೆನ್ನಬೇಕು. 1964ರಲ್ಲಿ ಸ್ಟೇಬ್ಲರ್ ಮತ್ತು ಸಹೋದ್ಯೋಗಿಗಳು, ಉಗ್ರ ತಳಿಯನ್ನು ಪ್ರಯೋಗಾಲಯದ ದ್ರವದಲ್ಲಿ ದೀರ್ಘಕಾಲ ಬೆಳೆಸಿದರೆ ಅದರ ಉಗ್ರತೆ ಕುಂದುತ್ತದೆಂದೂ ತೋರಿಸಿದರು.

ಕಣ್ಣಿಗೆ ಒಂದೇ ರೀತಿ ಕಾಣುವ ತಳಿಗಳನ್ನು ಬೇರ್ಪಡಿಸಲು ಸ್ಟೇಬ್ಲರ್ ಕಾಲದಲ್ಲಿ ಪಾರಿವಾಳಕ್ಕೆ ಕೊಟ್ಟು ನೋಡುವುದರ ಹೊರತು ದಾರಿ ಇರಲಿಲ್ಲ. ಈಗ ವಂಶವಾಹಿಗಳನ್ನು ಓದಬಹುದು. ಆದರೆ ಯಾವ ಭಾಗವನ್ನು ಓದಬೇಕು? ಪ್ರತಿ ಕೋಶದಲ್ಲೂ ಪ್ರೋಟೀನು ತಯಾರಿಸುವ ರೈಬೊಸೋಮ್‌ಗಳಿವೆ. ಅವುಗಳ ಭಾಗಗಳಿಗೆ ನಕ್ಷೆಯಾಗಿರುವ ವಂಶವಾಹಿಗಳು ಒಂದರ ಪಕ್ಕ ಒಂದು ಸಾಲಾಗಿವೆ. ನಕ್ಷೆ ಕೆಟ್ಟರೆ ಯಂತ್ರವೇ ನಿಲ್ಲುವುದರಿಂದ ಅವುಗಳಲ್ಲಿ ಬದಲಾವಣೆ ಅಪರೂಪ. ಆದರೆ ಅವುಗಳ ನಡುವಿನ ಖಾಲಿ ಜಾಗಗಳಿಗೆ ಅಂಥ ಕಟ್ಟುಪಾಡಿಲ್ಲ. ಪುಸ್ತಕದ ಅಚ್ಚಿನ ಸಾಲುಗಳನ್ನು ಯಾರೂ ತಿದ್ದುವುದಿಲ್ಲ, ಅಂಚಿನ ಖಾಲಿ ಜಾಗದಲ್ಲಿ ಮಾತ್ರ ಓದಿದವರೆಲ್ಲ ಗೀಚುತ್ತಾರಲ್ಲವೆ, ಹಾಗೆ. ಆ ಖಾಲಿ ಜಾಗಗಳಿಗೆ ಐ.ಟಿ.ಎಸ್. ಎಂದು ಹೆಸರು. ಅಲ್ಲಿ ಕೂಡಿಬಂದ ಗೀಚುಗಳನ್ನು ಹೋಲಿಸಿ ಪಾರಿವಾಳದ ಈ ಪರೋಪಜೀವಿಯನ್ನು ‘ಎ’, ‘ಬಿ’ ಮುಂತಾದ ಬಗೆಗಳಾಗಿ ವಿಂಗಡಿಸಿದ್ದಾರೆ. ಇದರಿಂದ ಮನೆತನ ಮಾತ್ರ ತಿಳಿಯುತ್ತದೆ. ಅದರೊಳಗೆ ಯಾವ ಕವಲು ಎಂಬುದು ತಿಳಿಯಲು ಇನ್ನೊಂದು ವಂಶವಾಹಿ ಬೇಕು. ಅದಕ್ಕೆ ಆರಿಸಿಕೊಂಡದ್ದು ಹಿಂದೆ ಹೇಳಿದ ಹೈಡ್ರೊಜಿನೇಸ್ ಕಿಣ್ವದ ವಂಶವಾಹಿಯನ್ನು. ಇದು ‘ಎ’ ಬಗೆಯೊಳಗೇ ಎ-1, ಎ-2 ಎಂಬ ಕವಲುಗಳನ್ನು ಬಿಡಿಸಿ ತೋರಿಸುತ್ತದೆ.

ಸ್ಪೇನ್ ದೇಶದ ಪೂರ್ವ ಭಾಗದಲ್ಲಿ ಪಾರಿವಾಳಗಳನ್ನೂ ಬೇಟೆಹಕ್ಕಿಗಳನ್ನೂ ಒಟ್ಟಿಗೆ ಪರೀಕ್ಷಿಸಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಅಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಪಾರಿವಾಳಗಳಲ್ಲಿ ಪರೋಪಜೀವಿ ಸಿಕ್ಕಿತು. ಬೇಟೆಹಕ್ಕಿಗಳಲ್ಲಿ ಪ್ರಮಾಣ ಅದಕ್ಕಿಂತ ಬಹಳ ಕಡಿಮೆ. ಎಣಿಕೆ ಇಲ್ಲಿಗೇ ನಿಂತಿದ್ದರೆ ಪಾರಿವಾಳಗಳೇ ಹೆಚ್ಚು ತೊಂದರೆಯಲ್ಲಿವೆ ಎಂದುಕೊಳ್ಳುತ್ತಿದ್ದೆವು. ಬಗೆಗಳನ್ನು ನೋಡಿದಾಗ ಚಿತ್ರ ತಿರುಗಿತು. ಪಾರಿವಾಳಗಳಲ್ಲಿ ಹೆಚ್ಚಾಗಿ ಇದ್ದದ್ದು ‘ಬಿ’ ಬಗೆ, ಬೇಟೆಹಕ್ಕಿಗಳಲ್ಲಿ ಹೆಚ್ಚಾಗಿ ‘ಎ’. ಗಂಟಲಿನಲ್ಲಿ ಗಡ್ಡೆ ಎದ್ದಿದ್ದ ಹಕ್ಕಿಗಳ ಪೈಕಿ ಹೆಚ್ಚಿನವು ಹೊತ್ತಿದ್ದದ್ದೂ ‘ಎ’ ಬಗೆಯನ್ನೇ. ‘ಎ’ ಎಂದರೆ ಯಾವಾಗಲೂ ಸಾವು, ‘ಬಿ’ ಎಂದರೆ ಯಾವಾಗಲೂ ಕ್ಷೇಮ ಎಂದು ತಿಳಿಯಬಾರದು. ಐ.ಟಿ.ಎಸ್. ಭಾಗವು ರೋಗವನ್ನು ಉಂಟುಮಾಡುವುದಿಲ್ಲ, ಅದು ಗುರುತಿನ ಚೀಟಿ ಮಾತ್ರ. ಆದರೂ ಗುರುತಿನ ಚೀಟಿಯಿಂದ ಏನೆಲ್ಲ ಪತ್ತೆಹಚ್ಚಬಹುದು ಎಂಬುದಕ್ಕೆ ಬ್ರಿಟನ್ನಿನ ಘಟನೆ ಉತ್ತಮ ನಿದರ್ಶನ.

ಬ್ರಿಟನ್ನಿನಲ್ಲಿ ಮನೆಯ ಹಿತ್ತಲಲ್ಲಿ ತೂಗುಗೂಡು ಕಟ್ಟಿ ಹಕ್ಕಿಗಳಿಗೆ ಸೂರ್ಯಕಾಂತಿ ಬೀಜ, ಕಡಲೆಕಾಯಿ ಇಡುವ ವಾಡಿಕೆ ಬಹಳ. ನಮ್ಮಲ್ಲಿ ಪಾರಿವಾಳಗಳಿಗೆ ಜೋಳ ಎರಚುವಂತೆಯೇ. 2005ರಲ್ಲಿ ಅಂಥ ಹಿತ್ತಲುಗಳಲ್ಲಿ ಗ್ರೀನ್‌ಫಿಂಚ್ ಮತ್ತು ಚಾಫಿಂಚ್ ಎಂಬ ಗುಬ್ಬಿಗಾತ್ರದ ಹಕ್ಕಿಗಳು ಮೈ ಉಬ್ಬಿಸಿಕೊಂಡು, ನುಂಗಲಾರದೆ, ಕಾಳಿನ ತಟ್ಟೆಯ ಪಕ್ಕದಲ್ಲೇ ಸಾಯತೊಡಗಿದವು. ಅವುಗಳ ಗಂಟಲಿನಲ್ಲಿ ಸಿಕ್ಕಿದ್ದು ಪಾರಿವಾಳದ ಈ ಪರೋಪಜೀವಿ. ಮುಂದಿನ ಕೆಲವೇ ವರ್ಷಗಳಲ್ಲಿ ಅಲ್ಲಿನ ಗ್ರೀನ್‌ಫಿಂಚ್‌ಗಳ ಸಂಖ್ಯೆ ಸುಮಾರು 43 ಲಕ್ಷದಿಂದ 28 ಲಕ್ಷಕ್ಕೆ ಇಳಿಯಿತು. 2021ರಲ್ಲಿ ಆ ಹಕ್ಕಿಯನ್ನು ಬ್ರಿಟನ್ನಿನ ಅಪಾಯದ ಕೆಂಪು ಪಟ್ಟಿಗೆ ಸೇರಿಸಬೇಕಾಯಿತು. ಊರಿನಲ್ಲಿ ಎಲ್ಲರೂ ಕಂಡಿದ್ದ ಸಾಮಾನ್ಯ ಹಕ್ಕಿಯ ಗತಿ ಇದು.

ಬೇರೆ ಬೇರೆ ವರ್ಷಗಳಲ್ಲಿ, ಬೇರೆ ಬೇರೆ ಊರುಗಳಲ್ಲಿ ಸತ್ತ ಫಿಂಚ್‌ಗಳಿಂದ ತೆಗೆದ ಪರೋಪಜೀವಿಗಳ ಡಿ.ಎನ್.ಎ. ಓದಿದಾಗ ಅವೆಲ್ಲ ಒಂದೇ ಆಗಿದ್ದವು. ಇದು ಎ-1 ಕವಲು. ಈ ಜೀವಿ ಸೀಳಿ ಸೀಳಿ ಬೆಳೆಯುವುದೆಂದು ಹೇಳಿದೆವಷ್ಟೆ. ಹಾಗಾಗಿ ಒಂದೇ ಮೂಲದ ನಕಲುಗಳು ಇಡೀ ದೇಶವನ್ನು ವ್ಯಾಪಿಸಿದವೆಂದು ತಿಳಿಯಬೇಕು. ಇದೇ ಕವಲು ಅಲ್ಲಿನ ಪಾರಿವಾಳ, ಬೆಳವಗಳಲ್ಲೂ ಸಿಕ್ಕಿತು. ಒಂದೇ ತಟ್ಟೆಯಲ್ಲಿ ಮೇಯುವಾಗ ಪಾರಿವಾಳದ ಎಂಜಲು ಕಾಳಿನಿಂದ ಅದು ಫಿಂಚ್‌ಗೆ ದಾಟಿರಬೇಕು. ಅಲ್ಲಿಂದ ಮುಂದೆ ಫಿಂಚ್‌ಗಳು ಜೊತೆಗಾರನಿಗೆ ಗುಟುಕು ಕೊಡುವಾಗ, ನುಂಗಲಾಗದೆ ಉಗುಳಿದ ತೇವದ ಬೀಜವನ್ನು ಇನ್ನೊಂದು ಹಕ್ಕಿ ಹೆಕ್ಕುವಾಗ ತಮ್ಮತಮ್ಮಲ್ಲೇ ಹಂಚಿಕೊಂಡವು. 2008ರಲ್ಲಿ ರೋಗ ನಾರ್ವೆ, ಸ್ವೀಡನ್, ಫಿನ್‌ಲೆಂಡ್‌ಗಳಲ್ಲಿ ಕಾಣಿಸಿಕೊಂಡಾಗ ಅಲ್ಲೂ ಅದೇ ತಳಿ. ಬ್ರಿಟನ್ನಿನಲ್ಲಿ ಚಳಿಗಾಲ ಕಳೆದು ಬೇಸಿಗೆಗೆ ಉತ್ತರಕ್ಕೆ ವಲಸೆ ಹೋಗುವ ಚಾಫಿಂಚ್‌ಗಳು ಅದನ್ನು ಕೊಂಡೊಯ್ದಿರಬೇಕೆಂದು ಊಹೆ. ಪಾರಿವಾಳದೊಂದಿಗೆ ಒಗ್ಗಿಹೋಗಿರುವ ಜೀವಿಗೆ ಫಿಂಚ್ ಹೊಸ ಮನೆ. ಅಲ್ಲಿ ಹಳೆಯ ಒಪ್ಪಂದಗಳು ನಡೆಯುವುದಿಲ್ಲ.

ಆ ದೇಶದ ಪಕ್ಷಿಪ್ರಿಯರು ಕಲಿತ ಎಚ್ಚರಿಕೆಗಳು ಸರಳವಾದವು. ತಟ್ಟೆಯನ್ನೂ ನೀರಿನ ಬೋಗುಣಿಯನ್ನೂ ಆಗಾಗ ತೊಳೆದು ಪೂರ್ತಿ ಒಣಗಿಸುವುದು, ಕಾಯಿಲೆಯ ಹಕ್ಕಿ ಕಂಡರೆ ಕೆಲವು ವಾರ ಕಾಳು ಇಡುವುದನ್ನೇ ನಿಲ್ಲಿಸುವುದು. ಒಣಗಿದರೆ ಸಾಯುವ ಜೀವಿಗೆ ಬಿಸಿಲು ದೊಡ್ಡ ಔಷಧ. ಕಾಡುಹಕ್ಕಿಗಳಿಗೆ ಮಾತ್ರೆ ನುಂಗಿಸುವುದು ಆಗದ ಮಾತು. ಸಾಕಿದ ಪಾರಿವಾಳಗಳಿಗೆ ಕೊಡಬಹುದಾದರೂ, ರೋಗವಿರಲಿ ಇಲ್ಲದಿರಲಿ ಇಡೀ ಹಿಂಡಿಗೆ ಔಷಧ ಹಾಕುವ ಅಭ್ಯಾಸ ಒಳ್ಳೆಯದಲ್ಲ. ಯೂರೋಪಿನ ಪಂದ್ಯದ ಪಾರಿವಾಳಗಳಲ್ಲಿ ಆ ಔಷಧಕ್ಕೆ ಬಗ್ಗದ ಪರೋಪಜೀವಿಗಳು ಈಗಾಗಲೇ ಕಂಡುಬಂದಿವೆ.

ವಂಶವಾಹಿಗಳ ಹೋಲಿಕೆ ಇನ್ನೊಂದು ಅಚ್ಚರಿಯನ್ನೂ ಹೊರಗೆಡಹಿತು. ಅಮೆರಿಕದ ಪಶ್ಚಿಮ ಕರಾವಳಿಯ ಕಾಡುಪಾರಿವಾಳಗಳಲ್ಲಿ ಸಿಕ್ಕ ಹತ್ತಿರದ ಪ್ರಭೇದವೊಂದಕ್ಕೆ 2014ರಲ್ಲಿ ಸ್ಟೇಬ್ಲರ್ ಅವರ ಗೌರವಾರ್ಥ ಟ್ರೈಕೊಮೊನಾಸ್ ಸ್ಟೇಬ್ಲರಿ ಎಂದು ಹೆಸರಿಟ್ಟರು. ಮನುಷ್ಯರ ಜನನಾಂಗಗಳಲ್ಲಿ ಸೋಂಕು ತರುವ, ಲೈಂಗಿಕ ಸಂಪರ್ಕದಿಂದ ಹರಡುವ ಟ್ರೈಕೊಮೊನಾಸ್ ವೆಜೈನಾಲಿಸ್‌ಗೆ ಅತಿ ಸಮೀಪದ ಬಂಧು ಯಾವುದೆಂದು ಹುಡುಕಿದರೆ ಈ ಪಾರಿವಾಳದ ಜೀವಿಯೇ ಎದುರಾಗುತ್ತದೆ. ಬಹಳ ಹಿಂದೆ ಹಕ್ಕಿಯ ಬಳಗದಿಂದ ಮನುಷ್ಯನ ಬಳಗಕ್ಕೆ ಇಂಥ ಜಿಗಿತವೊಂದು ನಡೆದಿರಬಹುದು ಎಂಬ ವಾದಕ್ಕೆ ಇದು ಆಧಾರ.

ಜಿಗಿತದ ಬೆಲೆ ತೆರುತ್ತಿರುವ ಇನ್ನೊಂದು ಸ್ಥಳ ಹಿಂದೂ ಮಹಾಸಾಗರದ ಮಾರಿಷಸ್ ದ್ವೀಪ. ಅಲ್ಲಿನ ಗುಲಾಬಿ ಪಾರಿವಾಳ ಪ್ರಪಂಚದಲ್ಲಿ ಬೇರೆಲ್ಲೂ ಕಾಡಿನಲ್ಲಿ ಇಲ್ಲ. ಕಾಡು ಕಡಿದು, ಇಲಿ, ಬೆಕ್ಕು, ಕೋತಿಗಳು ದ್ವೀಪ ಸೇರಿದ ಪರಿಣಾಮವಾಗಿ 1990-91ರ ವೇಳೆಗೆ ಕಾಡಿನಲ್ಲಿ ಉಳಿದದ್ದು ಹತ್ತರ ಆಸುಪಾಸು ಹಕ್ಕಿಗಳು. ಹುಟ್ಟಿದ ಮರಿಗಳಲ್ಲಿ ಎಷ್ಟನ್ನೋ ಈ ಪರೋಪಜೀವಿ ಕೊಂದಿತು. ಹೊರಗಿನಿಂದ ತಂದುಬಿಟ್ಟ ಬೆಳವಗಳಲ್ಲಿ, ಅದರಲ್ಲೂ ಮಡಗಾಸ್ಕರ್ ಬೆಳವದಲ್ಲಿ, ಸೋಂಕು ಧಾರಾಳವಾಗಿತ್ತು. ಹಕ್ಕಿಗಳನ್ನು ಉಳಿಸಲು ಕಾಳು ಇಟ್ಟ ಜಾಗಕ್ಕೆ ಆ ಬೆಳವಗಳೂ ಬರುತ್ತಿದ್ದವು. ಮರಿಗಳಿಗೆ ಔಷಧ ಕೊಟ್ಟು, ಶತ್ರುಗಳನ್ನು ದೂರವಿಟ್ಟು, ಹಿಡಿದು ಸಾಕಿದ ಹಕ್ಕಿಗಳನ್ನು ಬಿಡುತ್ತ ಬಂದದ್ದರಿಂದ ಸಂಖ್ಯೆ ಕೆಲವು ನೂರಕ್ಕೆ ಏರಿತು. 2018ರಲ್ಲಿ ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಅದರ ಅಪಾಯದ ದರ್ಜೆಯೂ ಒಂದು ಮೆಟ್ಟಿಲು ಇಳಿಯಿತು.

ಆದರೆ ಈಗಿರುವ ಗುಲಾಬಿ ಪಾರಿವಾಳಗಳೆಲ್ಲ ಬೆರಳೆಣಿಕೆಯ ಪೂರ್ವಜರ ಸಂತಾನ. ಅವುಗಳ ವಂಶವಾಹಿಗಳ ವೈವಿಧ್ಯ ಇನ್ನೂ ಕುಸಿಯುತ್ತಲೇ ಇದೆಯೆಂದು 2022ರಲ್ಲಿ ಪ್ರಕಟವಾದ ಅಧ್ಯಯನ ಎಚ್ಚರಿಸಿತು. ಪರೋಪಜೀವಿಯ ತಳಿ ಎಷ್ಟು ಮುಖ್ಯವೋ, ಅದನ್ನು ಎದುರಿಸುವ ಹಕ್ಕಿಯ ತಳಿಗುಣವೂ ಅಷ್ಟೇ ಮುಖ್ಯ. ಕಳೆದುಹೋದ ವೈವಿಧ್ಯವನ್ನು ಮರಳಿಸಲು ಯೂರೋಪಿನ ಮೃಗಾಲಯಗಳಲ್ಲಿ ಬೆಳೆದ ಗುಲಾಬಿ ಪಾರಿವಾಳಗಳನ್ನು ದ್ವೀಪಕ್ಕೆ ತರಬೇಕೆಂದು ಆ ಸಂಶೋಧಕರ ಸಲಹೆ. ಹಾಗೆ ಬರುವ ಒಂದೊಂದು ಹಕ್ಕಿಯ ಗಂಟಲನ್ನೂ ಹತ್ತಿಯ ಕಡ್ಡಿಯಿಂದ ಸವರಿ, ಪರೋಪಜೀವಿ ಇದೆಯೇ, ಇದ್ದರೆ ಯಾವ ಬಗೆಯದು ಎಂದು ನೋಡಿಯೇ ಬಿಡಬೇಕಾಗುತ್ತದೆ.